ಕಳ್ಳಿಯ ಕೆಂಪು ತಲೆ

ಬೆಳಗಾಗೆದ್ದು ಕೊಟ್ರಪ್ಪ ಮೊದಲು ನೋಡುವುದು ದೇವರ ಪಟವನ್ನಲ್ಲ, ಹೆಂಡತಿಯ ಮುಖವನ್ನೂ ಅಲ್ಲ, ಕಳ್ಳಿಯನ್ನು. ಇವತ್ತೂ ಎದ್ದವನೇ ಬಾಯಿ ಮುಕ್ಕಳಿಸದೆ ಅಂಗಳ ದಾಟಿ, ಅಕ್ಕಿ ಮಿಲ್ಲಿನ ಪಡಸಾಲೆಗೆ ಬಂದು, ಮಾವನ ಗಾದಿಯ ಪಕ್ಕದ ಕಿಟಕಿಕಟ್ಟೆಯ ಮುಂದೆ ನಿಂತ. ಗೇಣುದ್ದದ ಹಸಿರು ದಿಂಡು, ಮೂರು ಏಣಿನದು. ಅದರ ನೆತ್ತಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಕೆಂಪು ತಲೆ. ತಲೆ ನೆಟ್ಟಗಿತ್ತು, ವಾಲಿರಲಿಲ್ಲ. ಉಸಿರು ಬಿಟ್ಟು ತಿರುಗಬೇಕೆನ್ನುವಷ್ಟರಲ್ಲಿ ದಿಂಡಿನ ಬಗಲಿನಲ್ಲಿ, ನಿನ್ನೆ ಸಂಜೆ ಏನೂ ಇಲ್ಲದ ಜಾಗದಲ್ಲಿ, ಅವರೆಕಾಳಿನಷ್ಟು ಎಳೆ ಹಸಿರು ಉಬ್ಬಿಕೊಂಡಿದ್ದು ಕಣ್ಣಿಗೆ ಬಿತ್ತು. ಮೊಳಕೆ. ಬರುವುದು ಬಂತು, ಇವತ್ತೇ ಬರಬೇಕಿತ್ತೆ? ದೀಪಾವಳಿಯ ಅಮಾವಾಸ್ಯೆ ನಾಳೆ. ಕಂಪ್ಲಿಯಲ್ಲಿ ಕೊಂಡ ಹೊಸ ಮಿಲ್ಲಿನ ಗಾದಿಯ ಮೇಲೆ ಯಾರು ಕೂರಬೇಕೆಂಬುದನ್ನು ಮಾವ ಜಡೆಪ್ಪನವರು ಇವತ್ತು, ಮಧ್ಯಾಹ್ನದ ಊಟಕ್ಕೆ ಮುಂಚೆ, ಈ ಕಳ್ಳಿಯನ್ನು ನೋಡಿ ಹೇಳುವವರಿದ್ದರು. ಹೌದು, ಕಳ್ಳಿಯನ್ನು ನೋಡಿಯೇ.

ಇದು ಬಂದದ್ದು ಬೇಸಿಗೆಯಲ್ಲಿ. ಕಲ್ಕತ್ತೆಯ ಕಡೆಯಿಂದ ಅಕ್ಕಿ ಪಾಲಿಶ್ ಯಂತ್ರ ಮಾರಲು ಬಂದ ಏಜೆಂಟನೊಬ್ಬ, ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದೆನೆಂದು ಹೇಳಿ ಜಡೆಪ್ಪನವರ ಮುಂದೆ ಕುಂಡ ಇಳಿಸಿದ. ಅವನ ಹಿಂದಿ ತಿಳಿಯುವವನು ಆ ಮನೆಯಲ್ಲಿ ಕೊಟ್ರಪ್ಪ ಒಬ್ಬನೇ. ಒಂದು ಕಾಲಕ್ಕೆ ತೋರಣಗಲ್ಲು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ ಹತ್ತಿದ ಭಾಷೆ ಅದು. ಮನೆ ಅಳಿಯನಾಗಿ ಬಂದ ಮೇಲೆ ಅದಕ್ಕೂ ಅವನಂತೆಯೇ ಕೆಲಸವಿರಲಿಲ್ಲ. ಏಜೆಂಟ ಹೇಳಿದ್ದನ್ನು ಕೊಟ್ರಪ್ಪ ಒಂದೊಂದಾಗಿ ಕನ್ನಡಕ್ಕೆ ತಂದ. ಇದು ಕಸಿ ಕಟ್ಟಿದ್ದು. ಹಸಿರು ಕಳ್ಳಿಯ ನೆತ್ತಿ ಕೊಯ್ದು ಅದರ ಮೇಲೆ ಬೇರೆ ಜಾತಿಯ ಕೆಂಪು ತಲೆಯನ್ನು ಕೂರಿಸಿದ್ದಾರೆ. ಈ ತಲೆಯಲ್ಲಿ ಹಸಿರೆಂಬುದೇ ಇಲ್ಲ, ಅದು ತನ್ನ ಅನ್ನ ತಾನು ಮಾಡಿಕೊಳ್ಳಲಾರದು, ಕೆಳಗಿನದು ಉಂಡದ್ದರಲ್ಲಿ ಬದುಕುತ್ತದೆ. ನೇರ ಬಿಸಿಲು ಕೂಡದು, ಕತ್ತಲೆಯೂ ಕೂಡದು. ಮಣ್ಣು ಪೂರ್ತಿ ಒಣಗುವ ತನಕ ನೀರು ಕೂಡದು. ಕೆಳಗಿನ ಕಳ್ಳಿ ಬಗಲಲ್ಲಿ ಮೊಳಕೆ ಬಿಟ್ಟರೆ ಚಿವುಟಿಬಿಡಬೇಕು, ಇಲ್ಲವಾದರೆ ಮೇಲಿನದು ಉಪವಾಸ ಬೀಳುತ್ತದೆ. ಇಷ್ಟು ಹೇಳಿ ಮುಗಿಸುವುದರೊಳಗೆ ಗಾದಿಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತಿದ್ದ ವಿರುಪಾಕ್ಷಿ, ಕೊಟ್ರಪ್ಪನ ಹೆಂಡತಿ ಸುವರ್ಣಮ್ಮನ ತಮ್ಮ, ಇನ್ನೂ ಮೀಸೆ ನೆಟ್ಟಗೆ ಮೂಡದವನು, ‘ಅರ್ಥ ಆತು ಬಿಡ್ರಿ ಭಾವ. ಕೆಳಗಿಂದು ಅಪ್ಪಾಜಿ, ಮ್ಯಾಲಿಂದು ನೀವು’ ಅಂದ. ಭತ್ತ ತಂದ ರೈತರೆಲ್ಲ ನಕ್ಕರು. ಅರ್ಥವಾಗದಿದ್ದರೂ ಏಜೆಂಟನೂ ನಕ್ಕ. ನಗದಿದ್ದರೆ ಸಣ್ಣವನಾಗುತ್ತೇನೆಂದು ಕೊಟ್ರಪ್ಪ ತಾನೂ ನಕ್ಕು ಇನ್ನಷ್ಟು ಸಣ್ಣವನಾದ. ಆಗಲೇ ಜಡೆಪ್ಪನವರು, ಆ ನಗೆಯ ಹುರುಪಿನಲ್ಲೇ ಇರಬೇಕು, ‘ಕೊಟ್ರಪ್ಪ, ದೀಪಾವಳಿತನಕ ಇದರ ತಲಿ ಬೀಳದಂಗ ನೋಡ್ಕೊ. ನೋಡ್ಕೊಂಡಿ ಅಂದ್ರ ಕಂಪ್ಲಿ ಗಾದಿ ಮ್ಯಾಲ ನೀನ ಕುಂದ್ರು. ಒಂದು ಗಿಡ ಕಾಯಾಕ ಆಗದವ್ನು ಮಿಲ್ಲು ಏನು ಕಾಯ್ತಾನ?’ ಎಂದುಬಿಟ್ಟರು. ತಮಾಷೆಗೆ ಅಂದದ್ದೋ ಏನೋ. ಆದರೆ ಗಾದಿಯ ಮೇಲೆ ಕೂತು ರೈತರ ಎದುರು ಆಡಿದ ಮಾತನ್ನು ಜಡೆಪ್ಪನವರು ಹಿಂದಕ್ಕೆ ತೆಗೆದುಕೊಂಡದ್ದು ಹೊಸಪೇಟೆಯಲ್ಲಿ ಯಾರೂ ಕಂಡಿಲ್ಲ. ಭತ್ತದ ಧಾರಣೆಯೂ ಬಾಯಿಮಾತು, ಇದೂ ಬಾಯಿಮಾತು.

ಗಾದಿ ಅಂದರೆ ಏನು ಮಹಾ, ಒಂದು ಹಾಸಿಗೆ, ಮೇಲೊಂದು ಬಿಳಿ ಬಟ್ಟೆ, ಒರಗಲು ಎರಡು ಲೋಡು. ಆದರೆ ಮದುವೆಯಾಗಿ ಇಷ್ಟು ವರ್ಷವಾದರೂ ಕೊಟ್ರಪ್ಪ ಅದರ ಮೇಲೆ ಕೂತವನಲ್ಲ. ಕೂರಬೇಡವೆಂದು ಯಾರೂ ಅಂದಿರಲಿಲ್ಲ. ಕೂರು ಎಂದೂ ಅಂದಿರಲಿಲ್ಲ. ಮೊದಲ ವರ್ಷ ‘ಬರ್ರಿ ಅಳಿಯಂದ್ರ, ಕುಂದ್ರಿ’ ಎಂಬ ಮಾತು ಅಡುಗೆಮನೆಯ ಮಣೆಗೆ, ನಡುಮನೆಯ ಜೋಕಾಲಿಗೆ ಇತ್ತು. ಆಮೇಲೆ ಅದೂ ಬರಬರುತ್ತಾ ತೀರಿತು. ಮಿಲ್ಲಿಗೆ ಬಂದರೆ ಅವನು ಗೋಣಿಚೀಲದ ಮೇಲೆ ಕೂರುವನು, ಆ ಚೀಲ ಲಾರಿಗೆ ಹೋಗುವಾಗ ಏಳುವನು, ಹಮಾಲರು ‘ಸ್ವಲ್ಪ ಸರೀರಿ ಅಳಿಯಾರ’ ಅನ್ನುವರು, ಅವನು ಇನ್ನೊಂದು ಚೀಲಕ್ಕೆ ಸರಿಯುವನು. ಒಮ್ಮೆ ಹೀಗೆ ಸರಿಯುತ್ತಾ ಸರಿಯುತ್ತಾ ಸಂಜೆಯ ಹೊತ್ತಿಗೆ ಮಿಲ್ಲಿನ ಹೊರಗೆ, ಭತ್ತ ಒಣಹಾಕುವ ಕಣದಲ್ಲಿದ್ದ. ಅಲ್ಲಿ ಕಸ ಬಳಿಯುವ ಹೊಳೆಮ್ಮ ‘ಇಲ್ಯಾಕ ಬಂದ್ರೀ ಯಪ್ಪಾ, ಧೂಳು’ ಅಂದಾಗ ಅವನಿಗೆ ಹೇಳಲು ಏನೂ ತೋಚಿರಲಿಲ್ಲ. ಹಾಗಿದ್ದವನಿಗೆ ಕಳ್ಳಿ ಬಂದ ಮೇಲೆ ಒಂದು ಜಾಗ ಸಿಕ್ಕಿತು: ಕಿಟಕಿಕಟ್ಟೆಯ ಪಕ್ಕ, ಗಾದಿಯಿಂದ ಒಂದು ಮೊಳ ಈಚೆ, ಒಂದು ಮುಕ್ಕಾಲಿ. ಯಾರಾದರೂ ‘ಏನ್ ಮಾಡಾಕತ್ತೀರಿ’ ಎಂದು ಕೇಳಿದರೆ ಹೇಳಲು ಒಂದು ಉತ್ತರವೂ ಸಿಕ್ಕಿತು.

ಆದರೆ ಕಾಲುವೆ ಸೀಮೆಯಲ್ಲಿ ಕಳ್ಳಿ ಕಾಯುವುದೆಂದರೆ ಹುಡುಗಾಟವಲ್ಲ. ಡ್ಯಾಮು ಕಟ್ಟಿ ಕಾಲುವೆ ಹರಿದ ಮೇಲೆ ಈ ಕಡೆಯ ಜನಕ್ಕೆ ನೀರು ಹೆಚ್ಚಾಗಿ ಗಿಡ ಸಾಯುತ್ತದೆ ಅಂದರೆ ನಂಬಿಕೆಯೇ ಬರುವುದಿಲ್ಲ. ಮಿಲ್ಲಿಗೆ ಬಂದ ರೈತನಿಗೆ ಮೊದಲು ಒಂದು ತಂಬಿಗೆ ನೀರು ಕೊಡುವುದು ವಾಡಿಕೆ. ಅವನು ತಲೆ ಎತ್ತಿ, ತುಟಿಗೆ ತಾಕಿಸದೆ, ಗಟಗಟ ಅರ್ಧ ತಂಬಿಗೆ ಕುಡಿಯುವನು. ಉಳಿದ ಅರ್ಧವನ್ನು ನೆಲಕ್ಕೆ ಚೆಲ್ಲುವುದು ಮರ್ಯಾದೆಯಲ್ಲ. ಯಾವುದಾದರೂ ಗಿಡದ ಬುಡಕ್ಕೆ ಹಾಕಬೇಕು. ಪಡಸಾಲೆಯಲ್ಲಿದ್ದ ಗಿಡ ಇದೊಂದೇ. ಕುಂಡ ಬೇರೆ ಕಡೆ ಇಡೋಣವೆಂದರೆ ಬಂದವರೆಲ್ಲ ನೋಡುವಂತೆ ಗಾದಿಯ ಪಕ್ಕದಲ್ಲೇ ಇರಬೇಕೆಂದು ಮಾವನ ಅಪ್ಪಣೆ. ಮೊದಲ ವಾರ ಕೊಟ್ರಪ್ಪ ‘ಹಾಕಬ್ಯಾಡ್ರಿ’ ಎಂದು ಕೈ ಅಡ್ಡ ಹಿಡಿದ. ಜನ ಮುಖ ಗಂಟಿಕ್ಕಿದರು. ಗಿಡಕ್ಕೆ ನೀರು ಬೇಡ ಅನ್ನುವವನು ಎಂಥ ಮನುಷ್ಯ! ಎದ್ದು ಹೋಗಿ ಹೊರಗೆ ಚೆಲ್ಲಿ ಬರೋಣವೆಂದರೆ ಅಷ್ಟರಲ್ಲಿ ಇನ್ನೊಬ್ಬ ಬಂದು ಸುರಿಯುತ್ತಿದ್ದ. ಕೊನೆಗೆ ಅವನಿಗೆ ಹೊಳೆದ ದಾರಿ ಒಂದೇ. ಬಂದವರ ಕೈಯಿಂದ ತಂಬಿಗೆಯನ್ನು ವಿನಯದಿಂದ ತೆಗೆದುಕೊಂಡು, ಉಳಿದದ್ದನ್ನು ತಾನೇ ಎತ್ತಿ ಕುಡಿದುಬಿಡುವುದು. ಸುಗ್ಗಿಯ ದಿನಗಳಲ್ಲಿ ಎಷ್ಟು ರೈತರು, ಎಷ್ಟು ತಂಬಿಗೆ! ಕಮಲಾಪುರದ ತಾಯಪ್ಪನೆಂಬ ಮುದುಕ, ಹಂಪಿಯ ಹತ್ತಿರ ಭತ್ತದ ಗದ್ದೆ, ಬಾಳೆತೋಟ ಮಾಡಿಕೊಂಡವನು, ಒಂದು ದಿನ ಇವನನ್ನು ನೆಟ್ಟ ನೋಟದಿಂದ ನೋಡಿ, ‘ಯಾಕ್ರೀ ಅಳಿಯಾರ, ಮನ್ಯಾಗ ನಿಮಗ ನೀರು ಕೊಡಂಗಿಲ್ಲೇನು?’ ಎಂದು ನಿಜವಾದ ಕನಿಕರದಿಂದ ಕೇಳಿದ. ವಿರುಪಾಕ್ಷಿ ಲೋಡಿನಲ್ಲಿ ಮುಖ ಹುದುಗಿಸಿ ನಕ್ಕ. ಕೊಟ್ರಪ್ಪನಿಗೆ ಪಾಪಿನಾಯಕನಹಳ್ಳಿಯ ತನ್ನ ಅವ್ವ ನೆನಪಾದಳು. ಗುಡ್ಡದ ಬುಡದ ಆ ಕೆಂಪುಮಣ್ಣಿನ ಊರಿಗೆ ಕಾಲುವೆ ಏರಲಿಲ್ಲ. ಹೊಲದ ಸುತ್ತ ಆಳೆತ್ತರದ ಕಳ್ಳಿಬೇಲಿ, ಅದನ್ನು ಯಾರೂ ನೆಟ್ಟದ್ದಲ್ಲ, ಯಾರೂ ಸಾಕಿದ್ದಲ್ಲ, ಆಡು ಸಹ ಮೂಸುತ್ತಿರಲಿಲ್ಲ. ಅವನನ್ನು ಕಳಿಸುವಾಗ ಅವ್ವ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು, ‘ಅಲ್ಲಿ ನೀರಿಗೆ ಬರ ಇಲ್ಲ ಮಗಾ, ಹೊಟ್ಟಿ ತುಂಬ ಕುಡಿ’ ಅಂದಿದ್ದಳು. ಹೊಟ್ಟೆ ತುಂಬ ಕುಡಿಯುತ್ತಿದ್ದ. ಮಗ ಇಲ್ಲಿ ಕಳ್ಳಿಯ ಚಾಕರಿಗೆ ಕೂತಿದ್ದಾನೆಂದು ಗೊತ್ತಾಗಿದ್ದರೆ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ.

ಇಷ್ಟೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನೇ ಕೊಂದದ್ದು. ಅದನ್ನು ಅವನು ಯಾರಿಗೂ ಹೇಳಿಲ್ಲ, ಹೆಂಡತಿಗೂ. ಶ್ರಾವಣದ ಒಂದು ದಿನ ಬೆಳಗಿನಿಂದ ಕುಡಿದೂ ಕುಡಿದೂ ಹೊಟ್ಟೆ ತಮಟೆಯಾಗಿತ್ತು. ಬಾಗಿದರೆ ಗಂಟಲಿಗೆ ಬರುವಂತಿತ್ತು. ಅಷ್ಟರಲ್ಲಿ ತಾಯಪ್ಪ ಮುಕ್ಕಾಲು ತಂಬಿಗೆ ಉಳಿಸಿ ಕೊಟ್ಟು ಹೊರಗೆ ಹೋದ. ಕೊಟ್ರಪ್ಪ ಅತ್ತಿತ್ತ ನೋಡಿದ, ಯಾರೂ ಇರಲಿಲ್ಲ, ಒಂದು ಸಲಕ್ಕೆ ಏನಾದೀತು ಎಂದು ಕುಂಡಕ್ಕೆ ಸುರಿದುಬಿಟ್ಟ. ಮಣ್ಣು ಚೊಯ್ ಎಂದು ಹೀರಿಕೊಂಡಿತು. ಎಂಥ ಹಾಯೆನಿಸಿತು ಅವನಿಗೆ! ಏನೂ ಆಗಲಿಲ್ಲ. ಮರುದಿನವೂ ಹೊಟ್ಟೆ ತುಂಬಿತು, ಮರುದಿನವೂ ಸುರಿದ. ಆಮೇಲೆ ಅದೊಂದು ಚಟವಾಯಿತು. ಯಾರಾದರೂ ಸುರಿಯಹೋದರೆ ಹೌಹಾರಿ ತಡೆಯುವನು. ಅವರು ಅತ್ತ ಹೋದೊಡನೆ ತಾನು ಸುರಿಯುವನು. ಕೆಂಪು ತಲೆಯ ಬಣ್ಣ ಮೊದಲು ಕಳೆಗುಂದಿತು, ಆಮೇಲೆ ಬುಡದಲ್ಲಿ ಕಂದು ಹತ್ತಿತು, ಒಂದು ಮುಂಜಾನೆ ನೋಡಿದರೆ ಕೊಳೆತ ಟೊಮೆಟೊ ಹಣ್ಣಿನ ಹಾಗೆ ಕುಂಡದೊಳಗೆ ಉರುಳಿಬಿದ್ದಿತ್ತು. ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಮುಕ್ಕಾಲಿಯ ಮೇಲೆ ಕೂತ. ಅಳು ಬಂತು. ಕಂಪ್ಲಿ ಹೋಯಿತು ಎಂಬುದಕ್ಕಿಂತ, ಮತ್ತೆ ಗೋಣಿಚೀಲದಿಂದ ಗೋಣಿಚೀಲಕ್ಕೆ ಸರಿಯಬೇಕಲ್ಲ ಎಂಬುದಕ್ಕೆ ಹೆಚ್ಚು ಅಳು ಬಂತು. ಕಸ ಗುಡಿಸಲು ಬಂದ ಸುವರ್ಣಮ್ಮ ಬಾಗಿಲಲ್ಲಿ ನಿಂತು ಗಂಡನನ್ನೂ ಅವನ ಅಂಗೈಯನ್ನೂ ನೋಡಿದಳು. ಬೈಯಲಿಲ್ಲ, ಕಾರಣವನ್ನೂ ಕೇಳಲಿಲ್ಲ. ‘ಏಳ್ರಿ. ಅದನ್ನ ಭತ್ತದ ಹೊಟ್ಟಿನ ಒಲಿಯಾಗ ಹಾಕ್ರಿ. ಕೆಂಪು ಉಲನ್ ಐತಿ ನನ್ನ ಕಡೆ’ ಅಂದಳು.

ಆ ಮನೆಯಲ್ಲಿ ಉಲನ್ ತೊಡದ ವಸ್ತು ಇರಲಿಲ್ಲ. ಟೆಲಿಫೋನಿಗೆ ಉಲನ್ ಟೊಪ್ಪಿಗೆ, ರೇಡಿಯೋಕ್ಕೆ ಉಲನ್ ಅಂಗಿ, ಬಾಗಿಲಿಗೆ ಉಲನ್ ತೋರಣ, ಅದರಲ್ಲಿ ಎರಡು ಗಿಳಿ. ಮಕ್ಕಳಿಲ್ಲದ ಮಧ್ಯಾಹ್ನಗಳನ್ನೆಲ್ಲ ಸುವರ್ಣಮ್ಮ ಹೆಣೆದು ಹೆಣೆದು ತುಂಬಿಸಿದ್ದಳು. ಮಿಲ್ಲಿನ ಸಿಳ್ಳು ಆಗುವುದರೊಳಗೆ ಕಳ್ಳಿಗೆ ಹೊಸ ತಲೆ ಬಂತು: ಗೆರೆಗೆರೆಯಾಗಿ ಏಣು ಎದ್ದ ಕೆಂಪುಂಡೆ, ಏಣಿಗೊಂದು ಸಾಲು ಬಿಳಿ ದಾರದ ಮುಳ್ಳು. ಒಂದು ಜಾಲಿಮುಳ್ಳಿನಿಂದ ಅದನ್ನು ದಿಂಡಿಗೆ ಚುಚ್ಚಿ ನಿಲ್ಲಿಸುವಾಗ ಅವಳ ಬಾಯಿಂದ, ‘ಕಂಪ್ಲಿಗೆ ಹೋದ್ರ ನನ್ನ ಒಲಿ ನನಗ. ಅಪ್ಪನ ಮನ್ಯಾಗ ಮುದುಕಿ ಆಗೋದಂದ್ರ ಏನು ಅಂತ ನಿಮಗ ಗೊತ್ತಿಲ್ಲ’ ಎಂಬ ಮಾತು ಬಂತು. ನನಗೆ ಗೊತ್ತಿಲ್ಲವೇ ಎಂದು ಕೇಳಬೇಕೆಂದುಕೊಂಡ ಕೊಟ್ರಪ್ಪ ದಿಂಡನ್ನು ಅಲುಗದಂತೆ ಹಿಡಿದುಕೊಂಡ. ಅವಳೂ ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಸರಿಯುತ್ತಿದ್ದಳೆಂಬುದು ಅಲ್ಲಿಯವರೆಗೆ ಅವನಿಗೆ ಹೊಳೆದೇ ಇರಲಿಲ್ಲ.

ಯಾರಿಗೂ ತಿಳಿಯಲಿಲ್ಲ. ತಿಳಿಯದೆ ಹೋದದ್ದಷ್ಟೇ ಅಲ್ಲ, ‘ಮಳಿಗಾಲದಾಗ ಬಣ್ಣ ಭಾಳ ಏರೈತಿ’ ಎಂದು ಜನ ಹೊಗಳಿದರು. ಹೊಗಳಿದಾಗ ಕೊಟ್ರಪ್ಪನ ಎದೆ ಧಸಕ್ ಅನ್ನುವುದು, ಅದರ ಬೆನ್ನಿಗೇ ಒಂದು ಹೆಮ್ಮೆಯೂ ಹತ್ತುವುದು. ಕಾವಲು ಬಿಟ್ಟರೆ ಅನುಮಾನ ಬಂದೀತೆಂದು ಮೊದಲಿನಂತೆಯೇ ಕಾದ. ನೇರ ಬಿಸಿಲು ಬಿದ್ದರೆ ಕುಂಡ ಸರಿಸಿದ. ಉಲನ್ನಿನ ಬಣ್ಣವೂ ಬಿಸಿಲಿಗೆ ಹಾರುತ್ತದೆ, ಏಜೆಂಟನ ಮಾತು ಸುಳ್ಳಾಗಲಿಲ್ಲ. ನಿತ್ಯ ಕಾಲು ಸುತ್ತು ತಿರುಗಿಸಿದ. ಧೂಳನ್ನು ಕುಂಚದಿಂದ ಒರೆಸಿದ. ತಂಬಿಗೆಯ ನೀರನ್ನು ಮೊದಲಿನಂತೆಯೇ ಕಸಿದು ಕುಡಿದ. ಕೆಲವೊಮ್ಮೆ ಮಧ್ಯಾಹ್ನದ ನಿಶ್ಶಬ್ದದಲ್ಲಿ, ಚಕ್ರ ತಿರುಗಿಸುವ ಪಟ್ಟಾ ನಿಂತು ಯಂತ್ರ ತಣ್ಣಗಾಗುವ ಹೊತ್ತಿಗೆ, ಆ ಉಲನ್ ತಲೆ ಒಂದು ಎಳೆಯಷ್ಟು ಬೆಳೆದಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅನ್ನಿಸುವುದೇನು, ನಂಬಿದ್ದ.

ಈಗ ಈ ಮೊಳಕೆ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ರೊಟ್ಟಿ ಅರ್ಧ ತಿಂದು ಬಂದು ಕೂತರೂ ಕೊಟ್ರಪ್ಪನ ಕಣ್ಣು ಅದರ ಮೇಲೇ. ಚಿವುಟಿದರೆ ಮುಗಿಯಿತು. ಎರಡು ಉಗುರು ಸಾಕು. ಎರಡು ಸಲ ಉಗುರು ಅದರ ಬುಡಕ್ಕೆ ತಂದ, ಎರಡೂ ಸಲ ಹಿಂದಕ್ಕೆ ತೆಗೆದ. ಯಾಕೆ ಚಿವುಟಬೇಕು? ಮೇಲಿನ ತಲೆ ಉಪವಾಸ ಬೀಳುತ್ತದೆಂದು. ಮೇಲೆ ಯಾವ ತಲೆ ಇದೆ ಉಪವಾಸ ಬೀಳಲು? ಬೇಸಿಗೆಯಿಂದ ಇಲ್ಲಿಯವರೆಗೆ ಅವನ ಕಾಳಜಿಯೆಲ್ಲ ಕೆಂಪಿನ ಮೇಲೆ. ಹಸಿರನ್ನು ಅವನು ಕುರ್ಚಿಯ ಕಾಲೆಂದಷ್ಟೇ ಬಗೆದಿದ್ದ. ಅದರ ನೆತ್ತಿ ಕೊಯ್ದವರು ಯಾರೋ, ಕೂರಿಸಿದವರು ಯಾರೋ, ಅದು ಮಾತ್ರ ಯಾರಿಗೂ ಏನೂ ಹೇಳದೆ ಮೇಲಿನವನಿಗೆ ಉಣಿಸುತ್ತಾ ಬಂತು. ಮೇಲಿನವನು ಸತ್ತ. ಇದಕ್ಕೆ ಹೇಳಿದವರಿಲ್ಲ, ಉಲನ್ನಿಗೂ ಉಣಿಸಲು ನೋಡಿರಬೇಕು. ಕೊನೆಗೆ ಇವತ್ತು, ಹೋಗಲಿ ನಾನೇ ಬದುಕುತ್ತೇನೆ ಅಂದುಕೊಂಡು ಬಗಲಿನಿಂದ ಕಣ್ಣು ತೆರೆದಿದೆ. ಕೊಟ್ರಪ್ಪನಿಗೆ ತನ್ನ ಯೋಚನೆಗೇ ಹೇಸಿಗೆಯಾಯಿತು. ಕಳ್ಳಿಗೆ ಮನಸ್ಸುಂಟೇ, ಮಾರಾಯ! ಆದರೂ ಉಗುರು ಮುಂದೆ ಹೋಗಲೊಲ್ಲದು. ತಾಯಪ್ಪ ಬಂದು, ನೀರು ಕುಡಿದು, ಅಭ್ಯಾಸಬಲದಿಂದ ತಂಬಿಗೆಯನ್ನು ತಾನೇ ಕೊಟ್ರಪ್ಪನ ಕೈಗಿತ್ತ. ‘ಕುಡೀರಿ ಅಳಿಯಾರ, ನಿಮಗಂತ ಉಳಿಸೀನಿ.’ ಕೊಟ್ರಪ್ಪ ಕುಡಿದ.

ಒಳಬಾಗಿಲಿಗೆ ಬಂದ ಸುವರ್ಣಮ್ಮ ಕಣ್ಣಲ್ಲೇ ಕರೆದಳು. ‘ಅದನ್ನ ಯಾಕ ಇನ್ನೂ ಬಿಟ್ಟೀರಿ? ಅಪ್ಪ ಪೂಜಿ ಮುಗಿಸಿ ಎದ್ದಾರ.’

‘ಚಿವುಟಬಾರದು ಅನಸ್ತೈತಿ.’

‘ಏನು?’

‘ಅದೊಂದ ನೋಡು ಈ ಕುಂಡದಾಗ ಜೀವ ಇರೋದು.’

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ನೋಡ್ರಿ, ನಾ ಪಾತ್ರಿ ಎಲ್ಲಾ ಕಟ್ಟಿಟ್ಟೀನಿ. ಬಿಚ್ಚಂಗಿಲ್ಲ’ ಎಂದು ಒಳಗೆ ಹೋದಳು.

ಜಡೆಪ್ಪನವರು ಬಂದರು. ಹಣೆ ತುಂಬ ವಿಭೂತಿ, ತಲೆಯ ಮೇಲೆ ನೀಲಿ ಉಲನ್ ಕುಲಾಯಿ, ಶೀತಕ್ಕೆಂದು ಬೇಸಿಗೆಯಲ್ಲೂ ತೆಗೆಯದದ್ದು. ಗಾದಿಯೇರಿ ಕಾಲು ಮಡಚಿ ಕೂತು, ಮಗನನ್ನು ತೂಕ ನೋಡಲು ಕಳಿಸಿ, ತಾಯಪ್ಪನಿಗೆ ಲೆಕ್ಕ ಆಮೇಲೆ ಎಂದು ಹೇಳಿ ಹೊರಗೆ ಕೂರಿಸಿದರು. ಪಡಸಾಲೆಯಲ್ಲಿ ಮಾವ, ಅಳಿಯ, ಕಳ್ಳಿ. ಒಳಗೆ ಯಂತ್ರದ ಪಟ್ಟಾ ಪಟಪಟ ಹೊಡೆದುಕೊಳ್ಳುತ್ತಿತ್ತು. ‘ತಲಿ ಚಂದ ಐತಿ’ ಅಂದರು ಜಡೆಪ್ಪನವರು. ‘ಹೌದ್ರಿ’ ಎನ್ನುವುದಷ್ಟೇ ಕೊಟ್ರಪ್ಪನ ಪಾಲಿಗೆ ಉಳಿದಿದ್ದ ಕೆಲಸ. ಆ ಎರಡಕ್ಷರಕ್ಕೆ ಕಂಪ್ಲಿ ಕಾದು ಕೂತಿತ್ತು, ಕಟ್ಟಿಟ್ಟ ಪಾತ್ರೆಗಳು ಕಾದು ಕೂತಿದ್ದವು. ಬಾಯಿ ತೆರೆದ. ಬಂದದ್ದು ಬೇರೆ.

‘ಮಾವಾರ, ಅದು ಉಲನ್ ರೀ.’

ಜಡೆಪ್ಪನವರು ತಿರುಗಲಿಲ್ಲ. ‘ಗೊತ್ತೈತಿ’ ಅಂದರು.

ಕೊಟ್ರಪ್ಪನಿಗೆ ಕೂತಿದ್ದ ಮುಕ್ಕಾಲಿಯೇ ಜಾರಿದಂತಾಯಿತು. ‘ಯಾವಾಗಿಂದ ರೀ?’

‘ಹೆಣೆದ ದಿನದಿಂದ. ನನ್ನ ಮಗಳ ಕೈ ನನಗ ಗುರ್ತು ಸಿಗಂಗಿಲ್ಲೇನು? ಈ ಕುಲಾಯಿ ಯಾರು ಹೆಣದದ್ದು?’ ಕುಲಾಯಿಯನ್ನು ಕಿವಿಯ ಮೇಲೆ ಎಳೆದುಕೊಂಡರು. ‘ಸುಮ್ಮನ ನೋಡ್ತಿದ್ದೆ. ಇವತ್ತು ಬಿಡ್ತಾನ, ನಾಳಿ ಬಿಡ್ತಾನ ಅಂತ. ನೀ ಬಿಡಲಿಲ್ಲ. ಬಿಸಿಲಿಗೆ ಸರಸ್ತಿ, ಧೂಳ ಒರಸ್ತಿ, ಅದರ ಸಲುವಾಗಿ ನೀರು ಕುಡೀತಿ. ಜೀವ ಇಲ್ಲದ್ದನ್ನ ಇಷ್ಟು ನಿಯತ್ತಿನಿಂದ ಕಾದವ್ನ ನಾ ನೋಡಿಲ್ಲಪಾ.’

‘ತಪ್ಪಾತು ಮಾವಾರ.’

‘ತಪ್ಪಲ್ಲ. ಕಂಪ್ಲಿಗೆ ಅಂಥವನ ಬೇಕು. ಆ ಮಿಲ್ಲಿನ ಬಾಯ್ಲರು ಒಡದೈತಿ, ಮೋಟಾರು ಸುಟ್ಟೈತಿ. ಕೊಂಡ ಮ್ಯಾಲ ನನಗ ಗೊತ್ತಾತು. ರಿಪೇರಿಗೆ ವರ್ಷ ಹಿಡೀತೈತೋ ಎರಡು ವರ್ಷ ಹಿಡೀತೈತೋ. ಅಲ್ಲೀತನಕ ಊರಿಗೆ ಸುದ್ದಿ ಹತ್ತಿದ್ರ ಅಲ್ಲಿ ರೈತರೆಲ್ಲ ಮತ್ತೊಬ್ರ ಮಿಲ್ಲಿಗೆ ಹೋಗ್ತಾರ. ದಿನಾ ಬಾಗಿಲು ತೆಗೀಬೇಕು, ದೇವರಿಗೆ ದೀಪ ಹಚ್ಚಬೇಕು, ಗಾದಿ ಮ್ಯಾಲ ಕುಂದ್ರಬೇಕು. ಬಂದವರಿಗೆ ನೀರು ಕೊಡಬೇಕು. ನಡದೈತಿ ಅನ್ನಂಗ ಇರಬೇಕು. ವಿರುಪಾಕ್ಷಿ ಒಂದು ದಿನಕ್ಕ ನಕ್ಕುಬಿಡ್ತಾನ. ನೀ ನಗಂಗಿಲ್ಲ.’

ಕೊಟ್ರಪ್ಪ ತನ್ನನ್ನು ಬೈದರೋ ಹೊಗಳಿದರೋ ಎಂದು ಮನಸ್ಸಿನಲ್ಲೇ ತಿರುವಿ ತಿರುವಿ ನೋಡುತ್ತಿದ್ದ. ಜಡೆಪ್ಪನವರು ಮುಂದಕ್ಕೆ ಬಾಗಿ ಬೆರಳು ತೋರಿಸಿದರು.

‘ಇದೇನು ಬದೀಗೆ?’

‘ಮೊಳಕಿ ರೀ.’

‘ಏಜೆಂಟ ಏನಂದಿದ್ದ?’

‘ಚಿವುಟಬೇಕು ಅಂದಿದ್ದ ರೀ. ಇಲ್ಲಂದ್ರ ಮ್ಯಾಲಿನ ತಲಿಗೆ ಉಣ್ಣಾಕ ಸಾಲಂಗಿಲ್ಲ ಅಂದಿದ್ದ.’

ಇಬ್ಬರೂ ಉಲನ್ ತಲೆಯನ್ನು ನೋಡಿದರು. ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ.

‘ಮತ್ತ?’ ಅಂದರು ಜಡೆಪ್ಪನವರು.

ಕೊಟ್ರಪ್ಪ ಎದ್ದ. ಬೆಳಗಿನಿಂದ ಮುಂದೆ ಹೋಗದ ಉಗುರು ಈಗ ಹೋಯಿತು. ಬಲ ಬೇಕಾಗಲೇ ಇಲ್ಲ, ಬೆಣ್ಣೆಯಂತೆ ಬಂತು. ಕಿತ್ತ ಜಾಗದಲ್ಲಿ ಒಂದು ಹನಿ ನೀರು ಮೂಡಿ ನಿಂತಿತು, ಅಷ್ಟೆ. ಮೊಳಕೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತಿತ್ತ ನೋಡಿದ. ಬಾಗಿಲ ಮರೆಯಲ್ಲಿ ಸುವರ್ಣಮ್ಮನ ಬಳೆ ಸದ್ದಾಗಿ ದೂರವಾಯಿತು.

‘ಬಾ ಇಲ್ಲೆ, ಕುಂದ್ರು’ ಎಂದು ಜಡೆಪ್ಪನವರು ಒಂದು ಲೋಡನ್ನು ಆಚೆಗೆ ತಳ್ಳಿ ಜಾಗ ಮಾಡಿದರು. ‘ಹೆಂಗ ಕುಂದ್ರೋದು ಅಂತ ರೂಢಿ ಆಗಲಿ.’

ಕೊಟ್ರಪ್ಪ ಮುಷ್ಟಿಯಲ್ಲಿ ನುಜ್ಜಾದ ಮೊಳಕೆಯನ್ನು ಧೋತರಕ್ಕೆ ಒರೆಸಿಕೊಂಡು, ಗಾದಿಯ ಅಂಚಿನಲ್ಲಿ ಮೊದಲು ಒಂದು ಮಂಡಿಯೂರಿ, ಆಮೇಲೆ ಕೂತ. ನಾಚಿಕೆಯಾಗುತ್ತದೆ ಅಂದುಕೊಂಡಿದ್ದ, ದುಃಖವಾಗುತ್ತದೆ ಅಂದುಕೊಂಡಿದ್ದ. ಕಾದು ನೋಡಿದ, ಎರಡೂ ಬರಲಿಲ್ಲ. ಬಂದದ್ದು ಖುಷಿ, ಬರೀ ಖುಷಿ, ತಡೆದುಕೊಳ್ಳಲಾಗದಷ್ಟು. ಹೊರಗಿನ ಕಟ್ಟೆಯಿಂದ ತಾಯಪ್ಪ ಇಣುಕಿ ನೋಡಿ, ಗಾದಿಯ ಮೇಲಿದ್ದವನಿಗೆ ಕೈಯೆತ್ತಿ ಮುಗಿದ. ಕೊಟ್ರಪ್ಪ ತಲೆಯಾಡಿಸಿ, ಕಾಲು ಮಡಚಿಕೊಂಡು, ಇನ್ನೂ ಸ್ವಲ್ಪ ಒಳಕ್ಕೆ ಸರಿದು ಕೂತ.